ಹಳೇ ಕಾಲೇಜಲ್ಲಿ 200 ಜನ, ಹೊಸದರಲ್ಲಿ 150: ಯಾವ ಸೀಟು ಹಿಡಿಯಲಿ?

ತುಂಗಭದ್ರೆ ದಡದವಳು

ಎಲ್ಲರಿಗೂ ನಮಸ್ಕಾರ. ಹರಿಹರದ ಹತ್ತಿರದ ಹಳ್ಳಿಯವಳು. ಅಪ್ಪಾಜಿ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೀತಾರೆ. ಮನೇಲಿ ಡಾಕ್ಟರು ಹೋಗಲಿ, ಡಿಗ್ರಿ ಮುಗಿಸಿದವರೂ ಯಾರಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಕೆಇಎ, ಅಂದರೆ ರಾಜ್ಯದ ಪರೀಕ್ಷಾ ಪ್ರಾಧಿಕಾರದ, ಸೀಟು ಹಂಚಿಕೆಯ ಮೊದಲ ಸುತ್ತಲ್ಲಿ ಒಂದು ಹಳೇ ಸರ್ಕಾರಿ ಮೆಡಿಕಲ್ ಕಾಲೇಜು ಸಿಕ್ಕಿದೆ. ಆಲ್ ಇಂಡಿಯಾ ಕೋಟಾದಲ್ಲಿ, ಅಂದರೆ ಕೇಂದ್ರದ ಕೌನ್ಸೆಲಿಂಗ್ ಸಮಿತಿ ಎಂಸಿಸಿಯ ಮೊದಲ ಸುತ್ತಲ್ಲಿ, ನಮ್ಮ ರಾಜ್ಯದ್ದೇ ಒಂದು ಹೊಸ ಜಿಲ್ಲಾ ಕಾಲೇಜು ಬಂದಿದೆ. ಎರಡರ ಹೆಸರೂ ಹೇಳಲ್ಲ. ಹೇಳಿದರೆ ಅಭಿಮಾನಿಗಳ ಜಗಳದಲ್ಲಿ ನನ್ನ ಪ್ರಶ್ನೆ ತೇಲಿಹೋಗುತ್ತೆ.

ಹಳೇದರಲ್ಲಿ ಒಂದು ಬ್ಯಾಚಿಗೆ 200 ಜನ. ಮುಂಚೆ 150 ಇತ್ತಂತೆ, ಸೀಟು ಏರಿಸಿದರು, ಲೆಕ್ಚರ್ ಹಾಲು ಮಾತ್ರ ಅದೇ. ಕೊನೇ ಬೆಂಚಿನವರು ಮೆಟ್ಟಿಲ ಮೇಲೆ ಕೂತು ನೋಟ್ಸ್ ಬರೀತಾರೆ ಅಂತ ಸೀನಿಯರ್ ಅಕ್ಕ ಒಬ್ಬರು ಹೇಳಿದರು. ಹಾಸ್ಟೆಲ್ ಗ್ಯಾರಂಟಿ ಇಲ್ಲ. ಹೊಸದರಲ್ಲಿ 150 ಜನ, ಹಾಸ್ಟೆಲ್ ಹೊಚ್ಚ ಹೊಸದು, ನಮ್ಮೂರಿಂದ ಎರಡು ಗಂಟೆ ದಾರಿ. ಫೀಸಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಊರಲ್ಲಿ ಎಲ್ಲರೂ "ಹಳೇ ಕಾಲೇಜು ಅಂದ್ರೆ ಹಳೇ ಕಾಲೇಜೇ" ಅಂತಾರೆ. ಯಾಕೆ ಅಂತ ಕೇಳಿದರೆ ಯಾರ ಹತ್ರವೂ ಉತ್ತರ ಇಲ್ಲ. ಇನ್ನು ನಾಲ್ಕು ದಿನ ಟೈಮಿದೆ.

ಸರ್ಜರಿ ಪಿಜಿ, ಕೊನೇ ವರ್ಷ

ತಂಗಿ, ಮೊದಲು ಕಂಗ್ರಾಟ್ಸ್. ನಾನು ಎಂಬಿಬಿಎಸ್ ಓದಿದ್ದು ಇಂಥದ್ದೇ ತುಂಬಿ ತುಳುಕುವ ಕಾಲೇಜಲ್ಲಿ, ಈಗ ಪಿಜಿ, ಅಂದರೆ ಸ್ನಾತಕೋತ್ತರ ಓದು. ಇದ್ದದ್ದು ಇದ್ದ ಹಾಗೆ ಹೇಳ್ತೀನಿ.

ಬೆಡ್‌ಸೈಡ್ ಕ್ಲಿನಿಕ್ ಅಂತ ಒಂದಿರುತ್ತೆ. ಒಂದು ಮಂಚದ ಸುತ್ತ ಇಪ್ಪತ್ತು ಜನ. ಲಿವರ್ ದೊಡ್ಡದಾಗಿದೆಯಾ ಅಂತ ಹೊಟ್ಟೆ ಮುಟ್ಟಿ ನೋಡಬೇಕು. ಐದನೇ ಕೈ ಬರುವಷ್ಟರಲ್ಲಿ ರೋಗಿ "ಸಾಕು ಬಿಡ್ರಪ್ಪಾ" ಅಂತಾನೆ. ಅವನದ್ದೂ ತಪ್ಪಲ್ಲ, ಅವನಿಗೆ ನೋವು. ಉಳಿದ ಹದಿನೈದು ಜನ ಲಾಗ್‌ಬುಕ್ಕಿಗೆ ಸಹಿ ಹಾಕಿಸಿಕೊಂಡು ಕ್ಯಾಂಟೀನಿಗೆ. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಸಣ್ಣ ಗುಂಪು, ಕೈಯಾರೆ ಮಾಡಿ ಕಲಿಯೋದು ಅಂತೆಲ್ಲ ಇದೆ. ಪುಸ್ತಕದಲ್ಲಿ ಚೆನ್ನಾಗಿದೆ.

ಆದರೆ ಅದೇ ವಾರ್ಡಿಗೆ ಸಂಜೆ ಏಳಕ್ಕೆ ಹೋಗಿ ನೋಡಿ. ಸರ್ ಇಲ್ಲ, ಬ್ಯಾಚ್‌ಮೇಟ್ಸ್ ಇಲ್ಲ. ರೋಗಿಗೂ ಮಾತಿಗೊಬ್ಬರು ಬೇಕಾಗಿರುತ್ತೆ. ಒಂದು ವಾರ್ಡಲ್ಲಿ ಐವತ್ತು ಕೇಸು. ನಾನು ಕಲಿತದ್ದೆಲ್ಲ ಸಂಜೆ ಏಳರಿಂದ ಒಂಬತ್ತರ ಒಳಗೆ. ಹೊಲಿಗೆ ಹಾಕೋದು ಕಲಿತದ್ದು ಕ್ಯಾಶುವಾಲ್ಟಿಯಲ್ಲಿ, ರಾತ್ರಿ ಒಂದಕ್ಕೆ, ನರ್ಸಿಂಗ್ ಬ್ರದರ್ ಒಬ್ಬರ ಕೈಲಿ ಬೈಸಿಕೊಂಡು. ಹಾಗಾಗಿ ನಿಮ್ಮ ಬ್ಯಾಚಲ್ಲಿ ಎಷ್ಟು ಜನ ಅನ್ನೋದರ ಜೊತೆಗೆ ಆಸ್ಪತ್ರೆಯಲ್ಲಿ ಎಷ್ಟು ರೋಗಿ ಅಂತಲೂ ಕೇಳಿ.

ಲೆಕ್ಕಾಚಾರ

ಪಿಜಿ ಅಣ್ಣ ಹೇಳಿದ್ದಕ್ಕೆ ಅಂಕಿ ಸೇರಿಸ್ತೀನಿ. ಮೆಡಿಕಲ್ ಕಾಲೇಜುಗಳಿಗೆ ನಿಯಮ ಮಾಡೋ ರಾಷ್ಟ್ರೀಯ ವೈದ್ಯಕೀಯ ಆಯೋಗದ, ಅಂದರೆ ಎನ್‌ಎಂಸಿ 2023ರ ಕನಿಷ್ಠ ಮಾನದಂಡದ ಪ್ರಕಾರ 150 ಸೀಟಿಗೆ 605 ಹಾಸಿಗೆ, 200ಕ್ಕೆ 800, 250ಕ್ಕೆ 900. ಭಾಗಿಸಿ ನೋಡಿ. 150ಕ್ಕೂ 200ಕ್ಕೂ ತಲೆಗೆ ನಾಲ್ಕರ ಆಸುಪಾಸು, 250 ಆದಾಗ 3.6. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ದೆಹಲಿಯವರಿಗೂ ಗೊತ್ತು, ಆದರೆ 250ರ ಹತ್ತಿರ ಬಂದಾಗ ಹಾಸಿಗೆಯನ್ನೇ ಸ್ವಲ್ಪ ಮಡಚಿದ್ದಾರೆ. ಅಂದರೆ ಕಾಗದದ ಮೇಲೆ ನಿಮ್ಮ ಎರಡು ಕಾಲೇಜೂ ಒಂದೇ.

ಕಾಗದ ಬಿಟ್ಟು ನೋಡಿದರೆ ಹಳೇ ಆಸ್ಪತ್ರೆಗಳಲ್ಲಿ ಮಂಚ ತುಂಬಿ ನೆಲದ ಮೇಲೂ ಚಾಪೆ ಹಾಸಿರುತ್ತಾರೆ. ಹೊಸ ಕಡೆ ಜಿಲ್ಲಾಸ್ಪತ್ರೆಗೇ ಬೋರ್ಡು ಬದಲಾಯಿಸಿ ಬೋಧಕ ಆಸ್ಪತ್ರೆ ಅಂತ ಮಾಡಿರೋದು ಹೆಚ್ಚು. ಎಷ್ಟು ಹಾಸಿಗೆ ಅಂತ ಕೇಳಬೇಡಿ, ಎಷ್ಟು ತುಂಬಿವೆ ಅಂತ ಕೇಳಿ.

ಕೌನ್ಸೆಲಿಂಗ್ ವಿಷಯ: ಎಂಸಿಸಿ ಮೊದಲ ಸುತ್ತಿನ ಸೀಟಿಗೆ ಸೇರದಿದ್ದರೆ ದಂಡ ಇಲ್ಲ, ತಾನಾಗೇ ಬಿಟ್ಟಂತೆ. ಮುಂದಿನ ಸುತ್ತುಗಳಲ್ಲಿ ನಿಯಮ ಬಿಗಿಯಾಗುತ್ತೆ, ಸೇರಿದವರ ಪಟ್ಟಿ ರಾಜ್ಯಗಳಿಗೂ ಹೋಗುತ್ತೆ. ಕೆಇಎದಲ್ಲಿ ಚಾಯ್ಸ್ 1 ಅಂದರೆ ಒಪ್ಪಿಗೆ, ಫೀಸು ಕಟ್ಟಿ ಸೇರೋದು. ಚಾಯ್ಸ್ 2 ಅಂದರೆ ಫೀಸು ಕಟ್ಟಿ ಸೀಟು ಇಟ್ಟುಕೊಂಡು ಮೇಲಿನದಕ್ಕೆ ಕಾಯೋದು. ಮೇಲಿನದು ಬಂದರೆ ಹಳೇದು ಹೋಯ್ತು, ವಾಪಸ್ ಬರಲ್ಲ. ಚಾಯ್ಸ್ 3 ಅಂದರೆ ಸಿಕ್ಕ ಸೀಟನ್ನು ಬಿಟ್ಟುಬಿಡೋದು, ಅದನ್ನು ಒತ್ತೋ ಮುಂಚೆ ಮನೇಲಿ ಎಲ್ಲರನ್ನೂ ಕೂರಿಸಿ ಮಾತಾಡಿ. ಪ್ರತಿ ವರ್ಷ ಯಾರಾದರೂ ಒಬ್ಬರು ಅರ್ಥವಾಗದೆ ಒತ್ತಿ ಇಲ್ಲಿ ಬಂದು ಅಳ್ತಾರೆ.

ಕಲ್ಯಾಣದ ಹುಡ್ಗ

ನಾ ಹೊಸ ಕಾಲೇಜಿನಾಂವ, ಮೂರನೇ ವರ್ಷ. 371ಜೆ ಒಳಗ, ಅಂದ್ರ ಕಲ್ಯಾಣ ಕರ್ನಾಟಕದೋರಿಗಿರೋ ಮೀಸಲಾತಿಯೊಳಗ, ಸೀಟ್ ಸಿಕ್ಕದ. ಹೊಸ ಕಾಲೇಜು ಅಂದ್ರ ಮೂಗು ಮುರಿಯೋರಿಗೆ ನಾಕು ಮಾತು.

ನಮ್ಮಲ್ಲಿ ಬಿಲ್ಡಿಂಗ್ ಭಾರಿ ಅದ. ಮೇಷ್ಟ್ರು ಕಡಿಮಿ ಅದಾರ ಖರೇ, ಆದ್ರ ಇದ್ದೋರಿಗೆ ನನ್ನ ಹೆಸರು ಗೊತ್ತದ, ನಮ್ಮ ಅಪ್ಪನ ಹೆಸರೂ ಗೊತ್ತದ. ಹೆರಿಗಿ ವಾರ್ಡಿನ್ಯಾಗ ಪಿಜಿಗಳೇ ಇಲ್ಲ, ಹಿಂಗಾಗಿ ಮೇಡಂ ನಮ್ಮನ್ನೇ ಬಾಜೂಕ ನಿಂದರಿಸಿಕೋತಾರ. ನಾ ಎಂಟು ನಾರ್ಮಲ್ ಹೆರಿಗಿ ಕಣ್ಣಾರೆ ನೋಡೇನಿ. ನನ್ನ ಕಾಕಾನ ಮಗಳು ದೊಡ್ಡ ಕಾಲೇಜಿನ್ಯಾಗ ಓದ್ತಾಳ, ಆಕಿ ನೋಡಿದ್ದು ಬರೇ ಪಿಜಿಗಳ ಬೆನ್ನು.

ಕೆಟ್ಟದ್ದೂ ಹೇಳ್ತೀನಿ. ಪೇಶಂಟು ಸ್ವಲ್ಪ ಸೀರಿಯಸ್ ಆದ್ರ ಸಾಕು, ಆಂಬುಲೆನ್ಸ್ ಹತ್ತಿಸಿ ದೊಡ್ಡ ಊರಿಗೆ ಕಳಸ್ತಾರ. ತಲಿಗೆ ಪೆಟ್ಟಾದಾಂವ, ಹಾರ್ಟ್‌ದಾಂವ, ಯಾರೂ ನಮ್ಮಲ್ಲಿ ಉಳಿಯಂಗಿಲ್ಲ. ನಾವು ರೆಫರಲ್ ಚೀಟಿ ಬರಿಯೋದ್ರಾಗ ಪಂಟರು ಆಗೇವಿ.

ಸೀಟಿಲ್ಲದವ

ಎರಡೆರಡು ಸೀಟು ಕೈಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂರಬೇಕಲ್ಲಾ ಅಂತ ಅಳೋದು ನೋಡಿ ನಗು ಬಂತು. ನನ್ನದು ಮೂರನೇ ನೀಟ್. ಮೆಟ್ಟಿಲಲ್ಲ, ಬಾಗಿಲಾಚೆ ಕೂರಿಸಿದರೂ ಕೂರ್ತೀನಿ. ಯಾವುದೋ ಒಂದನ್ನು ಬೇಗ ಬಿಡಿ. ಅದು ಮುಂದಿನ ಸುತ್ತಿಗೆ ಇನ್ಯಾರಿಗೋ ಹೋಗುತ್ತೆ.

ತುಂಗಭದ್ರೆ ದಡದವಳು

ಅಣ್ಣ, ನೀವು ಹೇಳಿದ್ದು ಚುಚ್ಚಿತು, ಆದರೆ ಸರಿ ಇದೆ. ನಾನೂ ಇದು ಎರಡನೇ ಸಲ ಬರೆದವಳು. ಗಡುವಿನ ಕೊನೇ ಗಂಟೆವರೆಗೂ ಎಳೆಯಲ್ಲ. ಎರಡೂ ಕಾಲೇಜು ನೋಡಿಕೊಂಡು ಬಂದ ದಿನವೇ ಒಂದನ್ನು ಬಿಡ್ತೀನಿ.

ಅನಾಟಮಿ ಮೇಷ್ಟ್ರು (ನಿವೃತ್ತ)

ಮಗಳೇ, ಮೊದಲ ವರ್ಷದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಜನ ಹೆಚ್ಚಾದರೆ ಮೊದಲ ಏಟು ಬೀಳುವುದು ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ.

ನಾನು ಕೆಲಸಕ್ಕೆ ಸೇರಿದಾಗ ಒಂದು ಬ್ಯಾಚಿಗೆ ನೂರು ಜನ. ಟೇಬಲ್ಲಿಗೆ ಹತ್ತು ಜನ, ಐವರು ಒಂದು ಬದಿ, ಐವರು ಇನ್ನೊಂದು ಬದಿ. ಒಬ್ಬ ಕೊಯ್ಯುತ್ತಿದ್ದ, ಒಬ್ಬ ಪುಸ್ತಕ ಓದಿ ಹೇಳುತ್ತಿದ್ದ, ಉಳಿದವರು ನೋಡುತ್ತಿದ್ದರು, ಮರುದಿನ ಸರದಿ ಬದಲು. ಆಮೇಲೆ 150 ಆಯಿತು. 2019ರಲ್ಲಿ ಆರ್ಥಿಕವಾಗಿ ಹಿಂದುಳಿದವರ ಮೀಸಲಿಗಾಗಿ ಸರ್ಕಾರಿ ಕಾಲೇಜುಗಳು ಸೀಟು ಹೆಚ್ಚಿಸಿಕೊಳ್ಳಲು ಕೇಂದ್ರ ಅವಕಾಶ ಕೊಟ್ಟಿತು. ಆಗ ಎಷ್ಟೋ ಕಡೆ ಮಕ್ಕಳು ಮೊದಲು ಬಂದರು, ಕಟ್ಟಡ, ಮೇಷ್ಟ್ರು, ಟೇಬಲ್ಲು ಆಮೇಲೆ. ನಮ್ಮಲ್ಲಿ ಟೇಬಲ್ಲಿಗೆ ಇಪ್ಪತ್ತು ದಾಟಿತು. ಹಿಂದಿನ ಸಾಲಿನವರು ಸ್ಟೂಲ್ ಹತ್ತಿ ನಿಂತು ನೋಡುತ್ತಿದ್ದರು. ಸ್ಟೂಲುಗಳೂ ಸಾಲದೆ ಹೋದವು.

ದೇಹಗಳು ಎಲ್ಲಿಂದ ಬರಬೇಕು? 1957ರ ಅನಾಟಮಿ ಕಾಯ್ದೆಯಡಿ ವಾರಸುದಾರರಿಲ್ಲದ ಶವಗಳು ಬರುತ್ತವೆ, ದಾನವಾಗಿಯೂ ಬರುತ್ತವೆ. ಇಂದು ಸೀಟು ಏರಿಸಿ ನಾಳೆ ದೇಹ ತನ್ನಿ ಎಂದರೆ ಬರುವುದಿಲ್ಲ. ಈ ವಿಷಯದಲ್ಲಿ ಹೊಸ ಕಾಲೇಜುಗಳ ಕಷ್ಟವೇ ಹೆಚ್ಚು. ಹಳೆಯ ಊರುಗಳಲ್ಲಿ ಎರಡು ಮೂರು ತಲೆಮಾರಿನಿಂದ ದೇಹದಾನದ ಅಭ್ಯಾಸ ಬೆಳೆದಿರುತ್ತದೆ, ಜನಕ್ಕೆ ಕಾಲೇಜಿನ ಪರಿಚಯ ಇರುತ್ತದೆ. ನಮ್ಮ ಮೈಸೂರಿನ ಕಾಲೇಜು 1924ರದ್ದು. ಅಂಥ ಕಡೆ ತನ್ನ ತಾತ ಓದಿದ ಕಾಲೇಜಿಗೇ ತನ್ನ ದೇಹ ಬರೆದಿಟ್ಟವರು ಸಿಗುತ್ತಾರೆ. ಹತ್ತು ವರ್ಷದ ಕಾಲೇಜಿಗೆ ಅಂಥ ನಂಟು ಎಲ್ಲಿಂದ ಬರಬೇಕು?

ಹೋದಾಗ ಡಿಸೆಕ್ಷನ್ ಹಾಲಿಗೆ ಹೋಗಿ ಟೇಬಲ್ಲು ಎಣಿಸಿ. ಬಾಗಿಲಲ್ಲಿ ಅಟೆಂಡರ್ ಇರುತ್ತಾನೆ, "ಹೊಸಬಳು, ಸೇರೋಕೆ ಬಂದಿದ್ದೀನಿ" ಅನ್ನಿ, ಬಿಡುತ್ತಾನೆ.

ಹಾಸ್ಟೆಲ್ ಅಮ್ಮ

ನಾನು ಓದಿದವಳಲ್ಲ, ಮಗಳನ್ನು ಸೇರಿಸಿದವಳು. ಅವಳದೂ ಹೀಗೇ ತುಂಬಿದ ಕಾಲೇಜು. "ಹೌಸ್ ಸರ್ಜನ್‌ಗಳು ಖಾಲಿ ಮಾಡಲಿ, ಆಮೇಲೆ ರೂಮು" ಅಂದರು, ಓದು ಮುಗಿಸಿ ಅಲ್ಲೇ ತರಬೇತಿಯಲ್ಲಿರೋ ಡಾಕ್ಟರುಗಳು ಅವರು. ಖಾಲಿ ಆಗಿದ್ದು ಐದು ತಿಂಗಳಿಗೆ. ಅಲ್ಲಿವರೆಗೆ ಪೇಯಿಂಗ್ ಗೆಸ್ಟ್ ಮನೆ, ತಿಂಗಳಿಗೆ 7,500, ಊಟ ಅನ್ನೋ ಹೆಸರಿಗೆ ಬೆಳಗ್ಗೆ ಚಿತ್ರಾನ್ನ, ರಾತ್ರಿ ಅದೇ ಚಿತ್ರಾನ್ನದ ತಮ್ಮ. ಸರ್ಕಾರಿ ಫೀಸು ಕಡಿಮೆ ಅಂತ ಖುಷಿಪಟ್ಟಿದ್ದೆವು, ಬಾಡಿಗೆಯಲ್ಲಿ ಅದನ್ನೆಲ್ಲ ತೆತ್ತೆವು.

ಇನ್ನೊಂದು ಮಾತು. ಲೈಬ್ರರಿಯಿಂದ ಹಾಸ್ಟೆಲ್‌ವರೆಗಿನ ದಾರೀನ ಕತ್ತಲಾದ ಮೇಲೆ ಒಂದು ಸಲ ನಡೆದು ನೋಡಿ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರ್ ಹುಡುಗಿಯ ಮೇಲೆ ಅತ್ಯಾಚಾರ, ಕೊಲೆ ಆದದ್ದು ಕೇಳಿದ ಮೇಲೆ ನನಗೆ ವಾರಗಟ್ಟಲೆ ನಿದ್ದೆ ಬರಲಿಲ್ಲ. ಬೀದಿದೀಪ ಇದೆಯಾ, ವಾಚ್‌ಮನ್ ಇದ್ದಾನಾ, ಡ್ಯೂಟಿ ರೂಮಿಗೆ ಒಳಗಿಂದ ಚಿಲಕ ಇದೆಯಾ. ಇವನ್ನು ಪ್ರಾಸ್ಪೆಕ್ಟಸ್ಸಲ್ಲಿ ಬರೆಯಲ್ಲ.

ಮಿಷಿಗನ್ ಮಂಡ್ಯದವ

ಇದು ಓದಿ ನಮ್ಮನೆ ಕತೆ ನೆನಪಾಯ್ತು ಕಣ್ರಪ್ಪ. ನನ್ನ ಮಗಳು ಇಲ್ಲಿ ಅಮೆರಿಕದಲ್ಲಿ ಮೆಡಿಕಲ್ ಸ್ಕೂಲ್ ಸೇರೋ ವರ್ಷ ಅವಳ ಸ್ಕೂಲೂ ಲೆಕ್ಕ ತಪ್ಪಿತ್ತು. ಇಲ್ಲಿ ರ‍್ಯಾಂಕ್ ಪಟ್ಟಿ ಇಟ್ಟು ಹಂಚೋ ಕೆಇಎ ಥರದ್ದು ಇಲ್ಲ. ಒಬ್ಬೊಬ್ಬ ಹುಡುಗನೂ ಇಪ್ಪತ್ತು ಮೂವತ್ತು ಕಡೆ ಅರ್ಜಿ ಹಾಕ್ತಾನೆ, ಒಬ್ಬನಿಗೇ ಮೂರು ನಾಲ್ಕು ಕಡೆ ಸೀಟು ಸಿಗುತ್ತೆ. ಏಪ್ರಿಲ್ 30ರ ಹೊತ್ತಿಗೆ ಒಂದನ್ನ ಆರಿಸಿಕೊಳ್ಳಬೇಕು ಅನ್ನೋದು ಪದ್ಧತಿ. ಎಷ್ಟು ಜನ ಕೈಕೊಡ್ತಾರೆ ಅಂತ ಅಂದಾಜು ಮಾಡಿ ಸ್ಕೂಲಿನವರು ಇರೋ ಸೀಟಿಗಿಂತ ಹೆಚ್ಚು ಜನಕ್ಕೆ ಹೂಂ ಅಂದಿರ್ತಾರೆ. ಮದುವೆ ಮನೆ ಲೆಕ್ಕ ಇದ್ದಂಗೆ, ಐನೂರು ಕಾರ್ಡು ಹಂಚಿದ್ರೆ ಮುನ್ನೂರು ಎಲೆ ಬೀಳುತ್ತೆ ಅಂತ. ಆ ವರ್ಷ ಎಲ್ರೂ ಬಂದುಬಿಟ್ರು.

ಆಗ ಸ್ಕೂಲಿಂದ ಪತ್ರ ಬಂತು: ಯಾರಾದ್ರೂ ಒಂದು ವರ್ಷ ತಡವಾಗಿ ಸೇರೋಕೆ ಒಪ್ಪಿದ್ರೆ ಫೀಸಲ್ಲಿ ದೊಡ್ಡ ರಿಯಾಯಿತಿ. ಏರೋಪ್ಲೇನಲ್ಲಿ ಸೀಟು ಜಾಸ್ತಿ ಮಾರ್ಕೊಂಡು "ಯಾರು ಇಳೀತೀರಾ" ಅಂತಾರಲ್ಲ, ಹಂಗೆ. ಬ್ಯಾಚನ್ನ ಸುಮ್ಮನೆ ಹಿಗ್ಗಿಸೋಕೂ ಆಗಲ್ಲ ಇಲ್ಲಿ, ತೀರಾ ಹಿಗ್ಗಿದ್ರೆ ಮಾನ್ಯತೆ ಕೊಡೋ ಎಲ್‌ಸಿಎಂಇಗೆ ಮೊದಲೇ ತಿಳಿಸಿ, ಎಲ್ಲಿ ಕೂರಿಸ್ತೀವಿ ಯಾರು ಕಲಿಸ್ತಾರೆ ಅಂತ ಹೇಳಬೇಕು.

ಮನೇಲಿ ಎರಡು ವಾರ ಜಗಳ. ನಾನು ತಗೋ ಅಂದೆ, ಇಲ್ಲಿ ಮೆಡಿಕಲ್ ಸಾಲ ಅಂದ್ರೆ ಮನೆ ಸಾಲದಷ್ಟು. ಅವರಮ್ಮ ಬೇಡ ಅಂದಳು. ಕೊನೆಗೆ ಮಗಳೇ "ನನಗೆ ಕಾಯೋಕಾಗಲ್ಲಪ್ಪ" ಅಂದಳು. ಈಗ ಮೂರನೇ ವರ್ಷ. ಗುಂಪು ಜಾಸ್ತಿ ಅನ್ನೋದು ಮೊದಲ ವರ್ಷ ದಿನಾ ಹೇಳೋಳು, ಆಸ್ಪತ್ರೆಗೆ ಕಾಲಿಟ್ಟ ಮೇಲೆ ಒಂದು ದಿನವೂ ಹೇಳಿಲ್ಲ.

ಲೆಕ್ಕಾಚಾರ

ನಮ್ಮಲ್ಲೂ ಆ ರಿಯಾಯಿತಿ ಕೊಟ್ಟಿದ್ದರೆ ಅರ್ಧ ಕ್ಲಾಸು ಊರಿಗೆ ಹೋಗ್ತಿತ್ತು 😄

ಆದರೆ ಫರಕು ಗಮನಿಸಿ. ಅಲ್ಲಿ ಅಂದಾಜು ತಪ್ಪಿ ಜನ ಜಾಸ್ತಿ ಆಗ್ತಾರೆ, ಒಂದು ವರ್ಷದ ಸಮಸ್ಯೆ. ಇಲ್ಲಿ ಸೀಟನ್ನೇ ಏರಿಸಿರೋದು, ಪ್ರತಿ ವರ್ಷದ ಸಮಸ್ಯೆ. ದೇಶದಲ್ಲಿ 2014ಕ್ಕೆ ಮುಂಚೆ 51,348 ಎಂಬಿಬಿಎಸ್ ಸೀಟಿತ್ತು, ಹತ್ತು ವರ್ಷದಲ್ಲಿ ಅದರ ಎರಡರಷ್ಟು ದಾಟಿತು. ಹತ್ತು ಲಕ್ಷ ಜನಕ್ಕೆ 100 ಸೀಟು ಸಾಕು ಅಂತ ಎನ್‌ಎಂಸಿ 2023ರಲ್ಲಿ ಮಿತಿ ಹಾಕಹೊರಟಿತ್ತು, ಕರ್ನಾಟಕ ಆಗಲೇ ಅದನ್ನು ಮೀರಿತ್ತು. ದಕ್ಷಿಣದ ರಾಜ್ಯಗಳು ಗಲಾಟೆ ಮಾಡಿದವು, ಜಾರಿ ಮುಂದಕ್ಕೆ ಹೋಯ್ತು. ಎರಡೂ ಕಡೆಯವರ ಮಾತಲ್ಲೂ ಸತ್ಯ ಇದೆ ಅನ್ನಿಸುತ್ತೆ ನನಗೆ. ಸೀಟು ಬೇಕು ಅಂದ "ಸೀಟಿಲ್ಲದವ" ಅವರದೂ ಸರಿ, ಟೇಬಲ್ಲು ಎಲ್ಲಿದೆ ಅಂದ ಮೇಷ್ಟ್ರದೂ ಸರಿ.

ಮಲೆನಾಡ ಅಪ್ಪ

ಎರಡೂ ಬಿಟ್ಟು ಪ್ರೈವೇಟಲ್ಲಿ ಗವರ್ನಮೆಂಟ್ ಕೋಟಾ ಯಾಕೆ ನೋಡಬಾರದು? ಒಂದೂವರೆ ಲಕ್ಷದ ಆಸುಪಾಸು ಫೀಸು, ಗುಂಪೂ ಇಲ್ಲ ಎಂತದೂ ಇಲ್ಲ.

ಸರ್ಜರಿ ಪಿಜಿ, ಕೊನೇ ವರ್ಷ

ರೈಸ್ ಮಿಲ್ಲಿನ ಸಂಬಳದಲ್ಲಿ ಒಂದೂವರೆ ಲಕ್ಷ ಪ್ರತಿ ವರ್ಷ, ಅದರ ಮೇಲೆ ಹಾಸ್ಟೆಲ್ಲು ಮೆಸ್ಸು ಬೇರೆ. ಸರ್, ಅವಳು ಕೇಳಿದ ಪ್ರಶ್ನೆ ಅದಲ್ಲ. ಕೆಲವು ಪ್ರೈವೇಟ್ ಕಡೆ ಇನ್‌ಸ್ಪೆಕ್ಷನ್ ದಿನ ಮಾತ್ರ ರೋಗಿಗಳು ಕಾಣಿಸ್ತಾರೆ ಅನ್ನೋದೂ ನಿಮಗೆ ಗೊತ್ತಿರಬೇಕು.

ತುಂಗಭದ್ರೆ ದಡದವಳು

ಹೋಗಿ ಬಂದೆವು. ಅಪ್ಪಾಜಿ ಎರಡು ದಿನ ರಜೆ ಹಾಕಿದ್ದರು. ಉದ್ದ ಬರೀತೀನಿ, ಕ್ಷಮಿಸಿ.

ಮೊದಲು ಹೊಸ ಕಾಲೇಜು. ಅಲ್ಲಿನ ಊರಿಂದ ಎಂಟು ಕಿಲೋಮೀಟರ್ ಆಚೆ, ಬಯಲಲ್ಲಿ. ಕಟ್ಟಡ ನೋಡಿ ಅಪ್ಪಾಜಿ ಚಪ್ಪಲಿ ಬಿಡೋಕೆ ಹೋದರು, ಅಷ್ಟು ಫಳಫಳ. ಹಾಸ್ಟೆಲಲ್ಲಿ ರೂಮಿಗೆ ಇಬ್ಬರು, ಕಿಟಕಿಯಿಂದ ಜೋಳದ ಹೊಲ. ಡಿಸೆಕ್ಷನ್ ಹಾಲಲ್ಲಿ ಟೇಬಲ್ಲು ಹನ್ನೆರಡು, ದೇಹ ಇದ್ದದ್ದು ನಾಲ್ಕರ ಮೇಲೆ. ಅಲ್ಲಿನ ಮೇಡಂ ಒಬ್ಬರು ನಮ್ಮನ್ನು ಕೂರಿಸಿ ಟೀ ಕೊಟ್ಟು, ಏನೂ ಮುಚ್ಚಿಡದೆ ಮಾತಾಡಿದರು, ಅದನ್ನು ಮರೆಯಲ್ಲ. ಆಸ್ಪತ್ರೆ ಹಳೇ ಊರೊಳಗಿದೆ, ಕಾಲೇಜ್ ಬಸ್ಸಲ್ಲಿ ಹೋಗಿ ಅದೇ ಬಸ್ಸಲ್ಲಿ ವಾಪಸ್. ಕೊನೇ ಬಸ್ಸು ಸಂಜೆ ಐದೂವರೆಗೆ. ಪಿಜಿ ಅಣ್ಣನ "ಸಂಜೆ ಏಳು" ಅಲ್ಲೇ ನೆನಪಾಯ್ತು. ವಾರ್ಡಲ್ಲಿ ಅರ್ಧ ಮಂಚ ಖಾಲಿ ಇತ್ತು. ಸೋಮವಾರ ಹೀಗಿರಲ್ಲ ಅಂತ ಸಿಸ್ಟರ್ ಹೇಳಿದರು, ನಾವು ಹೋಗಿದ್ದು ಸೋಮವಾರವೇ.

ಮಾರನೇ ದಿನ ಹಳೇ ಕಾಲೇಜು. ಓಪಿಡಿ ಚೀಟಿ ಸಾಲು ಗೇಟಿನ ಹೊರಗಿನ ಎಳನೀರು ಗಾಡಿವರೆಗೂ ಬಂದಿತ್ತು. ಲೆಕ್ಚರ್ ಹಾಲಿನ ಮೆಟ್ಟಿಲ ವಿಷಯ ನಿಜ, ನೋಡಿದೆ. ಟೇಬಲ್ಲು ಹದಿನಾರು, ಹತ್ತರ ಮೇಲೆ ದೇಹ ಇತ್ತು. ಮೇಷ್ಟ್ರೇ, ನೀವು ಹೇಳಿದ ಸ್ಟೂಲುಗಳು ಅಲ್ಲೂ ಇವೆ, ಕಾಲಿಗೆ ರೋಲ್ ನಂಬರ್ ಬರೆದ ಕಾಗದ ಅಂಟಿಸಿದ್ದಾರೆ! ಹಾಸ್ಟೆಲಲ್ಲಿ ಮೂರು ಜನದ ರೂಮಲ್ಲಿ ಐವರು. ಅಮ್ಮ ಹೇಳಿದ ದಾರಿ ಕತ್ತಲಾದ ಮೇಲೆ ನಡೆದೆ, ದೀಪ ಇದೆ, ಒಂದು ತಿರುವಲ್ಲಿ ಇಲ್ಲ. ಸೆಕೆಂಡ್ ಇಯರ್ ಅಕ್ಕಂದಿರು "ಅಲ್ಲಿ ಒಬ್ಬರೇ ಬರಬೇಡ, ನಾವೆಲ್ಲ ಎಂಟಕ್ಕೆ ಒಟ್ಟಿಗೆ ಹೊರಡ್ತೀವಿ" ಅಂದರು.

ಒಂದು ವಾರ್ಡಿನ ಬಾಗಿಲಲ್ಲಿ ನಿಂತಿದ್ದೆವು. ಒಬ್ಬ ಅಜ್ಜ ಅಪ್ಪಾಜಿಯನ್ನು ಕರೆದು ಯಾವೂರು ಅಂತ ಕೇಳಿದರು. ಹರಿಹರದ ಕಡೆ ಅಂದದ್ದಕ್ಕೆ ತಮ್ಮ ಕಾಯಿಲೆ ಕತೆ ಪೂರ್ತಿ ಹೇಳಿದರು, ಅರ್ಧ ಗಂಟೆ. ನನಗೆ ಏನೂ ಅರ್ಥವಾಗಲಿಲ್ಲ, ಆದರೂ ಎದ್ದು ಬರೋಕೆ ಮನಸ್ಸಾಗಲಿಲ್ಲ.

ಬಸ್ಸಲ್ಲಿ ವಾಪಸ್ ಬರುವಾಗ ಅಪ್ಪಾಜಿ "ಎಲ್ಲಿ ಜನ ಅವ್ರೋ ಅಲ್ಲೇ ಹೋಗು" ಅಂದರು. ಅವರು ಹೇಳಿದ್ದು ರೋಗಿಗಳ ಬಗ್ಗೆಯೋ ಹಾಸ್ಟೆಲ್ ಹುಡುಗಿಯರ ಬಗ್ಗೆಯೋ ಕೇಳಲಿಲ್ಲ.

ಚಾಯ್ಸ್ 1 ಒತ್ತಿದೆ. ಎಂಸಿಸಿ ಸೀಟಿಗೆ ಸೇರ್ತಿಲ್ಲ. ಸೀಟಿಲ್ಲದ ಅಣ್ಣ, ನಿಮ್ಮ ರ‍್ಯಾಂಕ್ ಹತ್ತಿರ ಇದ್ದರೆ ಎರಡನೇ ಸುತ್ತು ನೋಡಿ. ಜೋಳದ ಹೊಲ ಕಾಣೋ ರೂಮು ಸಿಕ್ಕರೂ ಸಿಗಬಹುದು.

ಸೀಟಿಲ್ಲದವ

ನೋಡ್ತಿದ್ದೀನಿ. ಥ್ಯಾಂಕ್ಸ್. ಅವತ್ತು ಹಾಗೆ ಹೇಳಬಾರದಿತ್ತು.

ಕಲ್ಯಾಣದ ಹುಡ್ಗ

ಅಕ್ಕಾ, ತಪ್ಪೇನಿಲ್ಲ ಬಿಡ್ರಿ. ರಜಾದಾಗ ಹೆರಿಗಿ ನೋಡಬೇಕು ಅನಿಸಿದ್ರ ನಮ್ಮ ಕಡೆ ಬರ್ರಿ.

ಹಾಸ್ಟೆಲ್ ಅಮ್ಮ

ಐದು ಜನದ ರೂಮಿಗೆ ಎಕ್ಸ್‌ಟೆನ್ಶನ್ ಬೋರ್ಡು, ಒಂದು ಟ್ರಂಕು, ಬೀಗ ಎರಡು. ಏಪ್ರನ್ ಎರಡು ಹೊಲಿಸು, ಒಂದು ಯಾವಾಗಲೂ ಒಗೆಯೋಕೆ ಹಾಕಿರುತ್ತೆ. ಪುಸ್ತಕ ಹೊಸದು ಕೊಳ್ಳಬೇಡ, ಸೀನಿಯರ್‌ಗಳು ಅರ್ಧ ಬೆಲೆಗೆ ಕೊಡ್ತಾರೆ.

ತುಂಗಭದ್ರೆ ದಡದವಳು

ಸರಿ ಅಮ್ಮ. ಮೇಷ್ಟ್ರೇ, ಇನ್ನೊಂದೇ ಪ್ರಶ್ನೆ. ರೋಲ್ ನಂಬರು ಇಂಗ್ಲಿಷ್ ಅಕ್ಷರದ ಪ್ರಕಾರ ಅಂತೆ. ನನ್ನ ಹೆಸರು "ವಿ"ಯಿಂದ ಶುರು. ಅಂದರೆ ಕೊನೇ ಟೇಬಲ್ಲು, ಅಲ್ವಾ? ಅಲ್ಲೂ ಹಿಂದೆಯೇ ನಿಲ್ಲಬೇಕಾ?

ಅನಾಟಮಿ ಮೇಷ್ಟ್ರು (ನಿವೃತ್ತ)

ಕೊನೆಯ ಟೇಬಲ್ಲು ಸಾಮಾನ್ಯವಾಗಿ ಕಿಟಕಿ ಪಕ್ಕ ಇರುತ್ತದೆ, ಬೆಳಕು ಚೆನ್ನಾಗಿ ಬೀಳುತ್ತದೆ, ಫಾರ್ಮಲಿನ್ ಘಾಟೂ ಕಡಿಮೆ. ಹತ್ತು ನಿಮಿಷ ಮುಂಚೆ ಹೋಗಿ ತಲೆಯ ಬದಿ ನಿಂತುಕೋ. ಸ್ಟೂಲ್ ಬೇಕಾಗುವುದಿಲ್ಲ.